ಹಿಂಬದಿ ಚಕ್ರದ ಗುಂಯ್ ಸದ್ದನ್ನು ಕಡೆಗಣಿಸಬೇಡಿ

ನಮ್ಮ ಜೀಪ್ ಬಳಗದ ಸದಸ್ಯರೇ, ನಮಸ್ಕಾರ. ಕಳೆದ ವಾರ ಸಂಡೂರು ಗುಡ್ಡದಿಂದ ಬಳ್ಳಾರಿಗೆ ಮರಳುವಾಗ ನನ್ನ ಜೀಪಿನ ಹಿಂಬದಿಯಿಂದ ಗುಂಯ್ ಎಂಬ ಸದ್ದು ಬಂತು. ಟೈರಿನದೆಂದು ಸುಮ್ಮನಾದೆ, ತಪ್ಪಾಯಿತು.

ಎಡಕ್ಕೆ ತಿರುಗಿಸಿದಾಗ ಸದ್ದು ಜೋರಾದರೆ ಮೊದಲು ಬಲ ಹಿಂಚಕ್ರದ ಬೇರಿಂಗನ್ನು (ಚಕ್ರ ಸರಾಗವಾಗಿ ತಿರುಗಲು ಒಳಗಿರುವ ಬಳೆಯಂಥ ಭಾಗ) ನೋಡಿ. ತಿರುವಿನಲ್ಲಿ ಭಾರ ಆ ಬದಿಗೆ ವಾಲುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಆಕ್ಸಲ್ (ಎರಡು ಹಿಂಚಕ್ರಗಳ ನಡುವಿನ ಅಡ್ಡ ಭಾಗ) ಕೆಳಗೆ ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಇಟ್ಟ ಮೇಲೆಯೇ ಚಕ್ರವನ್ನು ಅಲುಗಾಡಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ.

ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ ಕಂಡರೆ ಗಾಡಿ ಓಡಿಸಲೇಬೇಡಿ, ಬ್ರೇಕ್ ಹಿಡಿಯುವುದಿಲ್ಲ. ಆಗ ಎಣ್ಣೆ ಸೋರದಂತೆ ತಡೆಯುವ ಸೀಲಿನ ಜೊತೆ ಆಕ್ಸಲ್ಲಿನ ಬ್ರೀದರನ್ನೂ (ಒಳಗಿನ ಗಾಳಿ ಆಡುವ ಸಣ್ಣ ಕಿಂಡಿ) ನೋಡಿ. ನಮ್ಮ ಅದಿರಿನ ಕೆಂಪು ದೂಳು ಅದನ್ನು ಮುಚ್ಚಿದರೆ, ಒಳಗೆ ಬಿಸಿಯಾಗಿ ಹಿಗ್ಗಿದ ಗಾಳಿ ಎಣ್ಣೆಯನ್ನು ಸೀಲಿನಿಂದ ಹೊರದಬ್ಬುತ್ತದೆ. ಹಳ್ಳ ದಾಟುವಾಗ ಅದೇ ಗಾಳಿ ತಟ್ಟನೆ ತಣಿದು ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸಿ.

ಬೇರಿಂಗ್ ಶಾಫ್ಟಿಗೆ ಬಿಗಿಯಾಗಿ ಕೂರುವ ಗಾಡಿಗಳಿಗೆ ದಯವಿಟ್ಟು ಸುತ್ತಿಗೆ ಏಟು ಬೇಡ. ಬೇರಿಂಗನ್ನು ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇರುವ ಗ್ಯಾರೇಜಿಗೇ ಕೊಡಿ. ಸೀಲನ್ನೂ ಹೊಸದಾಗಿ ಹಾಕಿಸಿ.

ಭಾನುವಾರ ನಮ್ಮ ಬಳಗದ ಜೊತೆ ಗಾಡಿ ತರುವವರು ಶನಿವಾರ ಸಂಜೆಯೊಳಗೆ ಪರೀಕ್ಷಿಸಿ ಇಲ್ಲಿ ತಿಳಿಸಿ. ನನ್ನ ಬಳಿ ಎರಡು ಸ್ಟ್ಯಾಂಡ್ ಇವೆ, ಬೇಕಾದವರು ಒಯ್ಯಬಹುದು.