ವೈನಿ, ಆ ಬಿಳಿ ಅಂಚಿನ ಗಿಡ ತರುವುದಿಲ್ಲ

ಮ್ಯಾಸಚೂಸೆಟ್ಸ್
ಮೇ ತಿಂಗಳು

ವೈನಿಯವರಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಅಣ್ಣನನ್ನು ಕೇಳಿದರೆ ಎಲ್ಲದಕ್ಕೂ "ಬರೋಬರಿ ಐತಿ" ಅನ್ನುತ್ತಾನೆ. ಅದರಿಂದ ಏನೂ ತಿಳಿಯುವುದಿಲ್ಲ. ನೀವೇ ಬರೆಯಿರಿ.

ಈಗ ನಿಮ್ಮ ಗಿಡದ ವಿಷಯ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನನ್ನ ಹಿಂದೆ ಮರದ ಬುಡದ ತುಂಬ ಬಿಳಿ ಅಂಚಿನ ಎಲೆ ನೋಡಿ, ಡಿಸೆಂಬರಿಗೆ ಬರುವಾಗ ಒಂದು ಬೇರು ತಾ ಅಂದಿರಿ. ನಾನೂ ಸುಮ್ನೆ "ನೋಡೋಣ" ಅಂದುಬಿಟ್ಟೆ. ನೋಡುವುದೇನೂ ಇಲ್ಲ ವೈನಿ, ತರುವುದಿಲ್ಲ. ಸಿಟ್ಟಾಗಬೇಡಿ, ಪೂರ್ತಿ ಓದಿ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ, ನಡುವೆ ಅಣ್ಣ ಬಂದು ಫೋನ್ ಕಸಿದುಕೊಳ್ಳುತ್ತಾನೆ.

ಗಿಡ ಚಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಹೆಸರು ಗೌಟ್‌ವೀಡ್. ಎಲೆಯ ನಡುವೆ ಬೂದಿ ಕಲೆಸಿದ ಹಸಿರು, ಅಂಚಿಗೆ ಕೆನೆ ಬಣ್ಣ. ಒಂದು ದಂಟಿಗೆ ಮೂರು ಕವಲು, ಒಂದೊಂದು ಕವಲಿಗೆ ಮೂರು ಎಲೆ. ಒಂದಡಿ ಎತ್ತರ ಬೆಳೆದು ನಿಲ್ಲುತ್ತದೆ. ಜೂನ್ ಹೊತ್ತಿಗೆ ಉದ್ದ ಕಾಂಡ ಬಿಟ್ಟು ಕೊತ್ತಂಬರಿ ಹೂವಿನಂಥದ್ದೇ ಬಿಳಿ ಹೂ ಬಿಡುತ್ತದೆ. ಕೊತ್ತಂಬರಿ, ಜೀರಿಗೆ, ಅಜಿವಾನ, ಗಜ್ಜರಿ ಎಲ್ಲ ಇದರ ಬಳಗವೇ. ಚಳಿಗಾಲದಲ್ಲಿ ಮೇಲಿನದೆಲ್ಲ ಸತ್ತು, ಹಿಮದ ಕೆಳಗೆ ಬೇರು ಮಲಗಿರುತ್ತದೆ. ಏಪ್ರಿಲ್ ಬಂತೆಂದರೆ ಮತ್ತೆ ಎದ್ದು ಕೂರುತ್ತದೆ.

ನಮ್ಮ ಮನೆಯ ಉತ್ತರಕ್ಕೆ ಇರುವುದು ನಾರ್ವೆ ಮೇಪಲ್ ಮರ. ಅದರ ನೆರಳು ನಿಮ್ಮ ಹಿತ್ತಲಿನ ಮಾವಿನ ನೆರಳಿಗಿಂತಲೂ ದಟ್ಟ. ಬೇರು ಮೇಲ್ಮಣ್ಣಿನಲ್ಲೇ ಹೆಣೆದುಕೊಂಡು ಬಿದ್ದ ನೀರನ್ನೆಲ್ಲ ಕುಡಿಯುತ್ತದೆ. ಅಲ್ಲಿ ಹುಲ್ಲು ಹಾಕಿದರೆ ಒಂದೇ ಬೇಸಿಗೆಗೆ ಬೋಳು. ಅಂಥ ಕಡೆ ನೀರು ಹಾಕದೆ, ಗೊಬ್ಬರ ಹಾಕದೆ ಇಷ್ಟು ಹಸಿರಾಗಿ ನಿಲ್ಲುವ ಗಿಡ ಬೇರೆ ಸಿಗುವುದು ಕಷ್ಟ. ಮನೆಯ ಹಿಂದಿನ ಮಾಲೀಕರು ನೆಟ್ಟದ್ದು ಅದಕ್ಕೇ. ಜಿಂಕೆಗಳೂ ಇದರ ತಂಟೆಗೆ ಹೋಗುವುದಿಲ್ಲ. ಇಲ್ಲಿ ಅಂಗಳಕ್ಕೆ ಬಂದು ಹೂಗಿಡ ಮೇಯುವ ಜಿಂಕೆಗಳ ಕಾಟ ನಿಮಗೆ ಹೇಳಿದರೆ ನಗುತ್ತೀರಿ.

ತೊಂದರೆ ಇರುವುದು ಮಣ್ಣಿನ ಕೆಳಗೆ. ಮೊನ್ನೆ ಶನಿವಾರ ಒಂದು ಮೂಲೆ ಅಗೆದೆ. ಗೇಣುದ್ದ ಇಳಿಯುವ ಮೊದಲೇ ಬೆಳ್ಳನೆಯ, ಪೆನ್ಸಿಲ್‌ಗಿಂತ ತೆಳ್ಳಗಿನ ಬಳ್ಳಿಬೇರುಗಳು ಸಿಕ್ಕವು. ಅಡ್ಡಡ್ಡ ಓಡಿ, ಒಂದರ ಮೇಲೊಂದು ದಾಟಿ, ಮೇಪಲ್ ಬೇರಿನ ಸಂದಿಯಲ್ಲೆಲ್ಲ ನುಗ್ಗಿದ್ದವು. ಎಳೆದರೆ ಪೂರ್ತಿ ಬರುವುದಿಲ್ಲ. ಟಕ್ ಅಂತ ತುಂಡಾಗುತ್ತದೆ, ಮುರಿದ ಕಡೆಯಿಂದ ಹಸಿ ಗಜ್ಜರಿ ವಾಸನೆ ಬರುತ್ತದೆ. ಒಂದು ಗೆಣ್ಣು ಇರುವ ತುಂಡು ಒಳಗೆ ಉಳಿದರೂ ಸಾಕು, ಅದರಿಂದ ಹೊಸ ಗಿಡ. ನಮ್ಮ ಹೊಲದ ಕರಿಕಿ ನೆನಪಾಯಿತು ನನಗೆ. ಅಪ್ಪ ಆಳು ಹಚ್ಚಿ ಆಳವಾಗಿ ಅಗೆಸಿ, ಆರಿಸಿ, ಸುಟ್ಟರೂ ಮುಂದಿನ ಮಳೆಗೆ ಬದುವಿನಿಂದ ಮತ್ತೆ ಒಳಗೆ ಬರುತ್ತಿತ್ತಲ್ಲ, ಹಾಗೆಯೇ.

ಇನ್ನೊಂದು ಚೇಷ್ಟೆ ಇದರದು. ಬಿಳಿ ಅಂಚಿನ ಗಿಡದ ನಡುವೆ ಆಗಾಗ ಪೂರ್ತಿ ಹಸಿರಿನ ಚಿಗುರು ಏಳುತ್ತದೆ. ಹಸಿರು ಜಾಸ್ತಿ ಇದ್ದ ಎಲೆಗೆ ಬಿಸಿಲಿನಿಂದ ಸಿಗುವ ಆಹಾರವೂ ಜಾಸ್ತಿ. ಹಾಗಾಗಿ ಆ ಚಿಗುರು ಜೋರಾಗಿ ಬೆಳೆದು ಪಕ್ಕದ ಬಿಳಿ ಅಂಚಿನದನ್ನು ತುಳಿದುಬಿಡುತ್ತದೆ. ಕಂಡಾಗಲೆಲ್ಲ ಬುಡಸಮೇತ ಕೀಳದಿದ್ದರೆ ಕೊನೆಗೆ ಅಂದವೂ ಹೋಗಿ ಬರೀ ಕಸ ಉಳಿಯುತ್ತದೆ. ಬೇಲಿಯ ಪಕ್ಕದ ಪಟ್ಟಿ ಈಗಾಗಲೇ ಹಾಗಾಗಿದೆ. ಕ್ಯಾಮೆರಾ ಆ ಕಡೆ ತಿರುಗಲಿಲ್ಲ, ಅದಕ್ಕೇ ನಿಮಗೆ ಕಾಣಲಿಲ್ಲ.

ಇದು ಮೂಲತಃ ಅಮೆರಿಕದ್ದಲ್ಲ. ಯುರೋಪ್ ಮತ್ತು ಅದಕ್ಕೆ ಹತ್ತಿದ ಏಷ್ಯಾದ ಗಿಡ. ಅಲ್ಲಿ ಹಿಂದೆ ಕ್ರೈಸ್ತ ಮಠಗಳ ಸನ್ಯಾಸಿಗಳು ಔಷಧಿಗೆ ಅಂತ ಬೆಳೆಸುತ್ತಿದ್ದರು. ಕಾಲ್ಬೆರಳು ಊದಿ ನೋಯುವ ಗೌಟ್ ರೋಗಕ್ಕೆ ಇದರ ಎಲೆ ಅರೆದು ಕಟ್ಟುತ್ತಿದ್ದರಂತೆ. ಈ ಸಾಲು ಅವ್ವನಿಗೆ ಓದಿ ಹೇಳಬೇಡಿ, ಕೂಡಲೇ ಕಷಾಯ ಕೇಳುತ್ತಾಳೆ. ಅವಳದು ಸವೆತದ ನೋವು, ಗೌಟ್ ಅಲ್ಲ, ಡಾಕ್ಟರು ಕೊಟ್ಟದ್ದನ್ನೇ ತಗೊಳ್ಳಲಿ. ಇಲ್ಲಿಗೆ ವಲಸೆ ಬಂದ ಮಂದಿ ಅಂದಕ್ಕೆ ಅಂತ ಗಿಡವನ್ನೂ ತಂದರು. 19ನೇ ಶತಮಾನದ ನಡುವಿನ ಹೊತ್ತಿಗೇ ಈ ದೇಶದಲ್ಲಿ ಬೇರು ಬಿಟ್ಟಿತ್ತು.

ಅಂಗಳದಲ್ಲಿ ಇದ್ದರೆ ಮನೆಯವರ ತಲೆನೋವು, ಅಷ್ಟೇ. ಆದರೆ ಇಲ್ಲಿ ಎಷ್ಟೋ ಮನೆಗಳ ಹಿಂದೆಯೇ ಕಾಡು ಶುರುವಾಗುತ್ತದೆ. ಕಿತ್ತ ಕಸವನ್ನು ಬುಟ್ಟಿ ತುಂಬಿ ಮರಗಳ ಸಾಲಿನ ಆಚೆ ಸುರಿದರೆ ಆಯಿತು, ಆ ತುಂಡುಗಳು ಅಲ್ಲೇ ಚಿಗುರುತ್ತವೆ. ಬೀಜದಿಂದ ಹರಡುವುದು ಕಡಿಮೆ, ಮನುಷ್ಯರ ಕೈಯಿಂದಲೇ ಜಾಸ್ತಿ. ಒಮ್ಮೆ ಕಾಡು ಹೊಕ್ಕಿತೆಂದರೆ ನೆಲಕ್ಕೆ ಜಾಗವೇ ಬಿಡುವುದಿಲ್ಲ. ವಸಂತದಲ್ಲಿ ನಾಲ್ಕು ದಿನ ಅರಳಿ ಹೋಗುವ ಇಲ್ಲಿನ ಕಾಡುಹೂಗಳಿಗೂ, ಮರದ ಸಸಿಗಳಿಗೂ ಅದರ ಕೆಳಗೆ ತಲೆ ಎತ್ತಲು ಆಗುವುದಿಲ್ಲ.

ಅದಕ್ಕೇ ಈ ರಾಜ್ಯದಲ್ಲಿ ಕಾನೂನು ಬಂತು. ಹೊರಗಿನಿಂದ ತರಬಾರದು, ಬೆಳೆಸಿ ಮಾರಬಾರದು ಅಂತ ಒಂದು ಪಟ್ಟಿ ಮಾಡಿದ್ದಾರೆ, 2006ರಿಂದ ಜಾರಿಯಲ್ಲಿದೆ. ನೂರಕ್ಕೂ ಜಾಸ್ತಿ ಗಿಡಗಳಿವೆ. ಗೌಟ್‌ವೀಡ್ ಅದರಲ್ಲಿದೆ. ಅದಕ್ಕೆ ನೆರಳು ಕೊಡುತ್ತಿರುವ ನಮ್ಮ ನಾರ್ವೆ ಮೇಪಲ್ ಕೂಡ ಅದೇ ಪಟ್ಟಿಯಲ್ಲಿದೆ! ಪಕ್ಕದ ಕನೆಕ್ಟಿಕಟ್, ವರ್ಮಾಂಟ್ ರಾಜ್ಯಗಳಲ್ಲೂ ಈ ಗಿಡ ಮಾರುವಂತಿಲ್ಲ. ಮೊದಲಿನಿಂದ ಅಂಗಳದಲ್ಲಿ ಇದ್ದದ್ದನ್ನು ಕೀಳಿ ಅಂತ ಮಾತ್ರ ಯಾರೂ ಬಾಗಿಲು ತಟ್ಟುವುದಿಲ್ಲ. ಬೇರೆ ಕೆಲವು ರಾಜ್ಯಗಳಲ್ಲಿ ಇದು ಈಗಲೂ ನರ್ಸರಿಯಲ್ಲಿ ಸಿಗುತ್ತದೆ. "ಎಂಥ ನೆರಳಿಗೂ ಸೈ, ಬೇಗ ಹರಡುತ್ತದೆ" ಅಂತ ಹೊಗಳಿ ಮಾರುತ್ತಾರೆ. ಮಾರುವವರಿಗೆ ಅದು ಗುಣ, ಅಗೆಯುವವರಿಗೆ ಅದೇ ಗ್ರಹಚಾರ.

ನಮ್ಮ ಮನೆಯವರಿಗೆ ಮಾತ್ರ ಆ ಗಿಡ ಅಂದ್ರೆ ಪ್ರೀತಿ. "ಇರಲಿ ಬಿಡು, ಬೋಳು ನೆಲಕ್ಕಿಂತ ಪಾಡ ಅಲ್ವಾ" ಅನ್ನುತ್ತಾರೆ. ಒಂದು ಕಡೆ ಕಾಲುದಾರಿ, ಇನ್ನೊಂದು ಕಡೆ ಗೋಡೆ, ನಡುವೆ ಸಿಕ್ಕ ಪಟ್ಟಿ ಇದ್ದರೆ ಇವರ ಮಾತು ಒಪ್ಪಬಹುದು. ಓಡಲು ಜಾಗವಿಲ್ಲ, ಹೂ ಬಂದ ಕೂಡಲೇ ಕತ್ತರಿಸಿದರೆ ಬೀಜವೂ ಇಲ್ಲ. ಕುಂಡದಲ್ಲಿ ಇಟ್ಟರೆ ಆಗದಾ ಅಂತ ನೀವು ಕೇಳುತ್ತೀರಿ, ಗೊತ್ತು. ಸಿಮೆಂಟ್ ಕಟ್ಟೆಯ ಮೇಲೆ ಇಟ್ಟರೆ ಆದೀತು. ಮಣ್ಣಿನ ಮೇಲೆ ಇಟ್ಟರೆ ತಳದ ತೂತಿನಿಂದಲೇ ಬೇರು ಇಳಿದುಬಿಡುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ರಷ್ಯನ್ ಅಜ್ಜಿ ಇದ್ದಾರೆ. ಅವರ ಮಟ್ಟಿಗೆ ಇದು ಸೊಪ್ಪು! ಅವರ ಕಡೆ ವಸಂತದಲ್ಲಿ ಎಳೆ ಚಿಗುರು ಕಿತ್ತು ಸಾರಿಗೆ ಹಾಕುತ್ತಾರಂತೆ. ಹೂ ಬರುವ ಮೊದಲಿನ ಎಳೆ ಎಲೆಯೇ ಆಗಬೇಕು, ಬಲಿತರೆ ರುಚಿ ಕೆಡುತ್ತದೆ. ಅವರು ಮುಂದೆ ನಿಂತು ತೋರಿಸಿದ ಮೇಲೆ ನಾನೂ ಕಿತ್ತೆ. ಈ ಬಳಗದಲ್ಲಿ ಹೆಮ್ಲಾಕ್ ಅಂತ ಭಾರೀ ವಿಷದ ಗಿಡವೂ ಇದೆ, ಅದರ ಹೂವೂ ಬಿಳಿ ಛತ್ರಿಯೇ. ಗುರುತು ಗೊತ್ತಿಲ್ಲದವರು ಕೈ ಹಾಕಲೇಬಾರದು. ತೊಗರಿ ಬೇಳೆ ಹಾಕಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು, ಶೇಂಗಾ ಪುಡಿ ಉದುರಿಸಿ ಪಲ್ಲೆ ಮಾಡಿದೆ. ಗಜ್ಜರಿ ಸೊಪ್ಪಿನ ವಾಸನೆ, ಸ್ವಲ್ಪ ಒಗರು. ರೊಟ್ಟಿಗೆ ನಡೆಯುತ್ತದೆ. ನಿಮ್ಮ ಪುಂಡಿ ಪಲ್ಲೆಯ ಮುಂದೆ ಏನೂ ಅಲ್ಲ. ತಿಂದು ಮುಗಿಸಿಯೇ ನಿರ್ನಾಮ ಮಾಡುತ್ತೇವೆ ಅಂತ ಇವರು ಹೊರಟಿದ್ದರು, ಎರಡನೇ ದಿನವೇ ಬೇರೆ ಪಲ್ಲೆ ಕೇಳಿದರು.

ಈಗ ಬೇಲಿಯ ಪಕ್ಕ ರಟ್ಟಿನ ಉಪಾಯ ಮಾಡುತ್ತಿದ್ದೇನೆ. ಎಲೆಯನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ, ಪಾರ್ಸಲ್ ಡಬ್ಬಿಗಳ ರಟ್ಟನ್ನು ಒಂದರ ಮೇಲೊಂದು ಬರುವಂತೆ ಹಾಸಿ, ನೆನೆಸಿ, ಮೇಲೆ ಮರದ ಚಕ್ಕೆ ದಪ್ಪಗೆ ಸುರಿಯುವುದು. ಬೆಳಕಿಲ್ಲದೆ ಬೇರು ತನ್ನ ಗಂಟನ್ನು ತಾನೇ ಕರಗಿಸಿಕೊಂಡು ಸೊರಗಬೇಕು. ಒಂದು ವರ್ಷಕ್ಕೆ ಮುಗಿಯುವ ಕೆಲಸವಲ್ಲ. ಅಂಚಿನಿಂದ ಇಣುಕುವ ಚಿಗುರನ್ನು ವಾರವಾರ ಚಿವುಟುತ್ತಿರಬೇಕು. ಅಗೆದು ತೆಗೆದ ಬೇರನ್ನು ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ. ಕಪ್ಪು ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟು ಪೂರ್ತಿ ಕೊಳೆಸಿದ ಮೇಲೆಯೇ ಎಸೆಯುವುದು.

"ನಮ್ಮ ಬಿಸಿಲಿಗೆ ಅದೇನ್ ಬದುಕ್ತದ, ತಾ ನೀ" ಅಂತ ಅಣ್ಣ ಹಿಂದಿನಿಂದ ಕೂಗಿದ್ದು ನನಗೂ ಕೇಳಿಸಿತು. ಇದು ಚಳಿ ದೇಶದ ಗಿಡ, ಬೀಜ ಮೊಳೆಯಲಿಕ್ಕೂ ಚಳಿಯೇ ಬೇಕು. ವಿಜಯಪುರದ ಅಕ್ಕನ ಮನೆಯಲ್ಲಾದರೆ ಒಂದು ಮೇ ತಿಂಗಳೂ ತಡೆಯಲಿಕ್ಕಿಲ್ಲ. ಹಾಗಂತ ಬೆಳಗಾವಿಯ ತಂಪಿನಲ್ಲಿ ಪರೀಕ್ಷೆ ಮಾಡಿ ನೋಡುವ ಆಸೆ ನನಗಿಲ್ಲ. ಖಾನಾಪುರದ ಕಡೆ ಕಾಡಿನಲ್ಲಿ ದಾರಿ ಬಿಡದೆ ಬೆಳೆದಿರುವ ಲಂಟಾನವನ್ನೂ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಬೊಟಾನಿಕಲ್ ಗಾರ್ಡನ್ನಿಗೆ ಹೂವಿನ ಅಂದಕ್ಕೇ ತಂದದ್ದು. ಕಾಂಗ್ರೆಸ್ ಕಸವನ್ನಂತೂ ಯಾರೂ ಬೇಕಂತ ತರಲಿಲ್ಲ, ಆದರೂ ನಮ್ಮ ಹೊಲದ ಬದು ತುಂಬಿದೆ. ಅಲ್ಲದೆ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತರುವಂತೆಯೂ ಇಲ್ಲ. ಭಾರತದೊಳಗೆ ಗಿಡ, ಬೇರು ತರಲು 2003ರ ಕ್ವಾರಂಟೈನ್ ಆದೇಶದ ಪ್ರಕಾರ ಮೊದಲೇ ಪರವಾನಗಿ ಬೇಕು, ಇಲ್ಲಿನ ಸರ್ಕಾರ ಗಿಡಕ್ಕೆ ರೋಗವಿಲ್ಲ ಅಂತ ಕೊಡುವ ಪತ್ರವೂ ಬೇಕು. ಏರ್‌ಪೋರ್ಟಿನಲ್ಲಿ ನಿಮ್ಮ ಹೆಸರು ಹೇಳಿ ನಾನು ಸಿಕ್ಕಿಬೀಳಲಾ?

ನಿಮಗೆ ಬೇಕಾದದ್ದು ನೆರಳಿನಲ್ಲಿ ಬಿಳಿ ಅಂಚಿನ ಎಲೆ, ಅಲ್ವಾ? ಅದು ನಿಮ್ಮ ಊರಿನ ನರ್ಸರಿಯಲ್ಲೇ ಇದೆ. ಸ್ಪೈಡರ್ ಪ್ಲಾಂಟ್ ಅಂತ ಕೇಳಿ. ಉದ್ದ ಎಲೆ, ಅಂಚಿಗೋ ನಡುವಿಗೋ ಬಿಳಿ ಪಟ್ಟೆ. ಮರಿ ಹಾಕುತ್ತದೆ, ಆದರೆ ಮರಿ ಕಣ್ಣಿಗೆ ಕಾಣುವಂತೆ ದಂಟಿನ ತುದಿಯಲ್ಲಿ ತೂಗುತ್ತದೆ, ಬೇಡವಾದರೆ ಕಿತ್ತರೆ ಮುಗಿಯಿತು. ಬಣ್ಣ ಬೇಕಾದರೆ ಕ್ಯಾಲೇಡಿಯಂ ಗಡ್ಡೆ ಹಾಕಿ. ಅದರ ಎಲೆ ಬಾಯಿಗೆ ಹೋದರೆ ನಾಲಿಗೆ ಉರಿಯುತ್ತದೆ, ಮಕ್ಕಳು ಮತ್ತು ಆಕಳು ಮುಟ್ಟದ ಕಡೆ ಇರಲಿ.

ನನ್ನನ್ನು ಕೇಳಿದರೆ, ಮಾವಿನ ಮರದಿಂದ ಸ್ವಲ್ಪ ಆಚೆ, ಬೆಳಿಗ್ಗೆ ಒಂದಿಷ್ಟು ಬಿಸಿಲು ಬೀಳುವ ಕಡೆ ಅರಿಶಿನ ಹಚ್ಚಿ. ಈಗಲೇ ಅದರ ಹೊತ್ತು. ದಸರಾ ಹೊತ್ತಿಗೆ ಸೊಂಟದೆತ್ತರ ಅಗಲ ಎಲೆ ಬಂದಿರುತ್ತದೆ, ಎಲೆ ಒಣಗಿದ ಮೇಲೆ ಅಗೆದರೆ ವರ್ಷದ ಅರಿಶಿನ ಮನೆಯದೇ. ಬಚ್ಚಲ ನೀರು ಹರಿಯುವ ಕಡೆ ಕೆಸು ಇರಲಿ. ಮಜಾ ಅಂದ್ರೆ ಆ ಕೆಸುವೇ ಇಲ್ಲಿನ ಫ್ಲಾರಿಡಾದಲ್ಲಿ ಹಳ್ಳ, ಕೆರೆ ದಂಡೆ ತುಂಬಿಕೊಂಡು ಸರ್ಕಾರಕ್ಕೆ ತಲೆನೋವಾಗಿದೆ. ನೀವಾದರೆ ಎಲೆ ಕೊಯ್ದು ವಡಿ ಮಾಡುತ್ತಲೇ ಇರುತ್ತೀರಿ, ಅದಕ್ಕೆ ಹರಡಲು ಪುರುಸೊತ್ತೇ ಸಿಗುವುದಿಲ್ಲ. ನಿಮ್ಮ ತಮ್ಮ ಅರಭಾವಿ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನಲ್ಲವಾ, ಆ ಮರದ ಕೆಳಗೆ ಇನ್ನೇನು ಬಂದೀತು ಅಂತ ಅವನನ್ನೂ ಒಂದು ಮಾತು ಕೇಳಿ. ನನಗಿಂತ ಅವನಿಗೆ ಆ ಮಣ್ಣು ಗೊತ್ತು.

ಗೇಟಿನ ಪಕ್ಕ ನೀವು ನೆಟ್ಟಿರುವ ಹಳದಿ ಹೂವಿನ ಬಳ್ಳಿ ಇದೆಯಲ್ಲ, ಸೇವಂತಿಗೆಯಂಥ ಸಣ್ಣ ಹೂ, ಮಿರುಗುವ ಎಲೆ, ಅದು ವೆಡೆಲಿಯಾ. ಹಿಂದಿನ ಸಲ ಬಂದಾಗಲೇ ಹೇಳಬೇಕು ಅಂದುಕೊಂಡಿದ್ದೆ. ನೆಲಕ್ಕೆ ತಾಗಿದ ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತದೆ. ಜಗತ್ತಿನಲ್ಲೇ ಅತಿ ಕೆಟ್ಟದಾಗಿ ಹರಡುವ ನೂರು ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಲಂಟಾನದ್ದೂ ಇದೆ. ಮಿರಗದ ಮಳೆ ಹಿಡಿಯುವ ಮೊದಲೇ ತೆಗೆಸಿಬಿಡಿ. ಮಳೆ ಬಿದ್ದ ಮೇಲೆ ತುಂಡು ಬಿದ್ದಲ್ಲೆಲ್ಲ ಚಿಗುರುತ್ತದೆ. ಕಿತ್ತದ್ದನ್ನು ಗಟಾರಿಗೆ ಎಸೆಯಲು ಕೆಲಸದವರಿಗೆ ಬಿಡಬೇಡಿ, ನೀರಿನ ಜತೆ ಹೋಗಿ ಎಲ್ಲೋ ಬೇರು ಬಿಡುತ್ತದೆ. ಗಚ್ಚಿಯ ಮೇಲೆ ಹರವಿ ಒಣಗಿಸಿ, ಈ ಬಿಸಿಲಿಗೆ ನಾಲ್ಕು ದಿನದಲ್ಲಿ ಗರಿಗರಿ ಆಗುತ್ತದೆ.

ಡಿಸೆಂಬರಿಗೆ ಬೇರೆ ಏನು ತರಲಿ, ಬರೆಯಿರಿ. ಅಣ್ಣನ ಪಟ್ಟಿ ಆಗಲೇ ಬಂದಿದೆ, ಅದರಲ್ಲಿ ಅರ್ಧ ಕತ್ತರಿಸಿದ್ದೇನೆ ಅಂತ ಅವನಿಗೆ ಹೇಳಿ. ಅಪ್ಪನಿಗೂ ಅವ್ವನಿಗೂ ನಮಸ್ಕಾರ, ಮಕ್ಕಳಿಗೆ ಪ್ರೀತಿ.

ನಿಮ್ಮ ನಾದಿನಿ