‘ಓಂ’ ಜಗಳದಲ್ಲಿ ಮಾಧುರಿ ಎಲ್ಲಿ?

ಸಂಪಾದಕರೇ,

‘ಓಂ’ ಸಿನಿಮಾ ಮಾತಿಗೆ ಬಂದಾಗಲೆಲ್ಲ ಜನ ಎರಡು ಪಾಳಯ ಆಗುತ್ತಾರೆ. ನಿಮ್ಮ ಓದುಗರ ಪತ್ರಗಳಲ್ಲೂ ಮೊನ್ನೆ ಅದೇ ಆಯಿತು. ಈ ಚಿತ್ರ ಹುಡುಗರ ಕೈಗೆ ಲಾಂಗು ಕೊಟ್ಟಿತು ಎಂದು ಒಬ್ಬರು ಬರೆದರು. ಇಂಥ ಸಿನಿಮಾ ಕನ್ನಡದಲ್ಲಿ ಮತ್ತೆ ಬಂದಿಲ್ಲ, ಕೊನೆಗೆ ರೌಡಿಸಂ ಬೇಡ ಅಂತಲೇ ಹೇಳುತ್ತದಲ್ಲ ಎಂದು ಇನ್ನೊಬ್ಬರು ಬರೆದರು. ಇಬ್ಬರ ಕಣ್ಣೂ ಲಾಂಗಿನ ಮೇಲೆಯೇ ಇದೆ, ನಾಯಕಿ ಮಾಧುರಿಯ ಮೇಲೆ ಇಲ್ಲ. ನನ್ನ ತಕರಾರು ಅದೇ.

ಮೊದಲನೆಯವರ ದೂರು ಹಳೆಯದು. ನಿರ್ದೇಶಕ ಉಪೇಂದ್ರ ಅವರು ನಿಜವಾದ ರೌಡಿಗಳನ್ನೇ ಕರೆತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ್ದು ಹೌದು. ಅದು ನನಗೂ ಇಷ್ಟವಾಗುವ ಸಂಗತಿ ಅಲ್ಲ. ಆದರೆ ಬೆಂಗಳೂರಿಗೆ ರೌಡಿಗಳನ್ನು ಪರಿಚಯಿಸಿದ್ದು ಈ ಸಿನಿಮಾ ಅಲ್ಲ. ಕೊತ್ವಾಲ್ ರಾಮಚಂದ್ರನ ಕೊಲೆ ನಡೆದಿದ್ದು 1986ರಲ್ಲಿ. ಜಯರಾಜ್‌ನನ್ನು ಗುಂಡಿಟ್ಟು ಕೊಂದಿದ್ದು 1989ರಲ್ಲಿ. ‘ಓಂ’ ಬಂದಿದ್ದು 1995ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಈ ಹೆಸರುಗಳನ್ನು ಟೀ ಅಂಗಡಿಗಳಲ್ಲಿ ಆಡಿ ಆಡಿ ಸವೆಸಿದ್ದರು. ತಪ್ಪನ್ನೆಲ್ಲ ಸಿನಿಮಾ ಮೇಲೆ ಹಾಕಿಬಿಟ್ಟರೆ, ಅಂಥವರನ್ನು ಸಾಕಿ ಬೆಳೆಸಿದ ರಾಜಕಾರಣಿಗಳು ಆರಾಮಾಗಿ ಪಾರಾಗುತ್ತಾರೆ.

ಇನ್ನೊಂದು ವಿಷಯ. ಇದೇ ಕಥೆಯನ್ನು ಉಪೇಂದ್ರ ಅವರೇ 1997ರಲ್ಲಿ ತೆಲುಗಿನಲ್ಲಿ ‘ಓಂಕಾರಂ’ ಎಂದು ಮಾಡಿದರು. 1999ರಲ್ಲಿ ಹಿಂದಿಯಲ್ಲಿ ‘ಅರ್ಜುನ್ ಪಂಡಿತ್’ ಬಂತು. ರಕ್ತ ಅಲ್ಲೂ ಹರಿಯಿತು. ಆದರೂ ‘ಓಂ’ಗೆ ಸಿಕ್ಕಿದ ಹುಚ್ಚು ಅಭಿಮಾನ ಅವಕ್ಕೆ ಸಿಗಲಿಲ್ಲ. ಹೊಡೆದಾಟ ಒಂದೇ ಜನರನ್ನು ಹಿಡಿದಿಟ್ಟಿದ್ದರೆ ಅಲ್ಲೂ ಹಿಡಿದಿಡಬೇಕಿತ್ತು, ಅಲ್ವಾ?

ಹಾಗಂತ ಎರಡನೆಯವರ ವಾದವೂ ನಿಲ್ಲುವುದಿಲ್ಲ. ಕೊನೆಯಲ್ಲಿ ಬುದ್ಧಿಮಾತು ಇದೆ, ಸರಿ. ಥಿಯೇಟರಿನಲ್ಲಿ ಶಿಳ್ಳೆ ಬೀಳುವುದು ಬುದ್ಧಿಮಾತಿಗಾ? ಗಡ್ಡ ಬಿಟ್ಟ ಶಿವಣ್ಣ ನಡೆದು ಬರುವುದಕ್ಕೆ. ಆ ನೋಟಕ್ಕೆ, ಆ ಕೂಗಿಗೆ. ಬಿ.ಸಿ. ಗೌರಿಶಂಕರ್ ಅವರ ಕ್ಯಾಮೆರಾ ನಾಯಕ ಸತ್ಯನನ್ನು, ಅಂದರೆ ಶಿವಣ್ಣನ ಪಾತ್ರವನ್ನು, ಹೇಗೆ ತೋರಿಸುತ್ತದೆ ಎಂದರೆ ಅವನನ್ನು ಬೈಯಲು ಮನಸ್ಸೇ ಬರುವುದಿಲ್ಲ. ಜೊತೆಗೆ ಹಂಸಲೇಖ ಅವರ ಸಂಗೀತ. ಅರ್ಚಕರ ಮಗನ ಹಳೆಯ ದಿನಗಳಿಗೆ ಅಣ್ಣಾವ್ರ ದನಿಯಲ್ಲಿ ‘ಹೇ ದಿನಕರ’ ಕೇಳಿಸಿ, ಆಮೇಲೆ ಅದೇ ಹುಡುಗನ ಕೈಗೆ ಆಯುಧ ಕೊಟ್ಟರೆ ಯಾರಿಗೆ ತಾನೇ ಹೊಟ್ಟೆ ಕಿವುಚುವುದಿಲ್ಲ? ಶಿವರಾಜ್‌ಕುಮಾರ್ ಅವರಿಗೆ ರಾಜ್ಯ ಪ್ರಶಸ್ತಿ ಸುಮ್ನೆ ಬರಲಿಲ್ಲ. ನಾನೂ ಈ ಚಿತ್ರದ ಅಭಿಮಾನಿಯೇ. ಅದಕ್ಕೇ ಈ ಪತ್ರ.

ಅಭಿಪ್ರಾಯ ಹೀಗೆ ಒಡೆಯುವುದಕ್ಕೆ, ಸಿನಿಮಾವನ್ನು ಎಲ್ಲಿ ಕೂತು ನೋಡಿದೆವು ಎಂಬುದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. 20 ವರ್ಷ ಈ ಚಿತ್ರವನ್ನು ಟಿವಿಗೆ ಕೊಟ್ಟಿರಲಿಲ್ಲ. ನೋಡಬೇಕು ಅಂದರೆ ಥಿಯೇಟರಿಗೇ ಹೋಗಬೇಕಿತ್ತು. 500ಕ್ಕೂ ಹೆಚ್ಚು ಸಲ ಮರುಬಿಡುಗಡೆ ಆಗಿದೆ ಎಂದು ಗಾಂಧಿನಗರದವರು ಹೇಳುತ್ತಾರೆ. ನಮ್ಮೂರಲ್ಲಿ ಮತ್ತೆ ಹಾಕಿದಾಗ ಕ್ಯೂನಲ್ಲಿ ಹುಡುಗರೇ ಜಾಸ್ತಿ. ಡೈಲಾಗು ತೆರೆಯ ಮೇಲೆ ಬರುವ ಮೊದಲೇ ಹಾಲ್‌ನಲ್ಲಿ ಬರುತ್ತಿತ್ತು. ಹೆಂಗಸರು, ಅದರಲ್ಲೂ ನಮ್ಮಮ್ಮನ ವಯಸ್ಸಿನವರು, ಇದನ್ನು ಪೂರ್ತಿ ನೋಡಿದ್ದು 2015ರಲ್ಲಿ ಟಿವಿಗೆ ಬಂದ ಮೇಲೆ. ಅಲ್ಲಿ ಶಿಳ್ಳೆ ಇಲ್ಲ, ಪಟಾಕಿ ಇಲ್ಲ. ಮನೆಯ ಹಾಲ್‌ನಲ್ಲಿ ಕೂತು ನೋಡಿದಾಗ ಕಥೆಯೇ ಬೇರೆ ಕಾಣಿಸುತ್ತದೆ. ನಮ್ಮಮ್ಮ ಹೊಡೆದಾಟಕ್ಕೆ ಏನೂ ಅನ್ನಲಿಲ್ಲ. ‘ಆ ಹುಡುಗೀನ ಯಾಕೆ ಹಿಂಗೆ ಕಾಡ್ತಾನೆ ಇವನು?’ ಅಂದರು, ಅಷ್ಟೇ.

ಆ ಹುಡುಗಿ ಮಾಧುರಿ. ಪ್ರೇಮಾ ಮಾಡಿದ ಪಾತ್ರ. ಸತ್ಯ ಅವಳ ಹಿಂದೆ ಬೀಳುತ್ತಾನೆ, ಹೆದರಿಸುತ್ತಾನೆ, ನನ್ನನ್ನು ಪ್ರೀತಿಸಲೇಬೇಕು ಎಂದು ಹಟ ಹಿಡಿಯುತ್ತಾನೆ. ಅವಳು ನಡುಗುತ್ತಾಳೆ. ಆಮೇಲೆ ಫ್ಲ್ಯಾಷ್‌ಬ್ಯಾಕ್ ಬರುತ್ತದೆ, ಅವನು ಹಾದಿ ತಪ್ಪಿದ್ದೇ ಅವಳಿಂದ ಎಂದು ಗೊತ್ತಾಗುತ್ತದೆ. ಅಲ್ಲಿಗೆ ಪ್ರೇಕ್ಷಕರ ಮನಸ್ಸಿನಲ್ಲಿ ಲೆಕ್ಕ ಚುಕ್ತಾ. ಅವಳು ಅಷ್ಟು ಹೊತ್ತು ಪಟ್ಟ ಭಯ ಯಾರಿಗೂ ನೆನಪಿರುವುದಿಲ್ಲ. ಕೊನೆಗೆ ಅವಳೂ ಅವನನ್ನು ಪ್ರೀತಿಸುತ್ತಾಳೆ. ಕಥೆಯ ಒಳಗೆ ಇದಕ್ಕೆ ಕಾರಣ ಇದೆ, ಒಪ್ಪುತ್ತೇನೆ. ಬರೆದವರು ಜಾಣರು. ಆದರೆ ಹಾಲ್‌ನಿಂದ ಹೊರಗೆ ಬಂದವರು ಆ ಕಾರಣವನ್ನು ಅಲ್ಲೇ ಬಿಟ್ಟು ಬಂದರು, ಹಟವನ್ನು ಮಾತ್ರ ಹೊತ್ತುಕೊಂಡು ಬಂದರು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಗಡ್ಡ ಬಿಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕಾಯುವವರಿಗೆ ಬರವಿರಲಿಲ್ಲ. ಅವರಲ್ಲಿ ಯಾರ ಕೈಯಲ್ಲೂ ನಾನು ಲಾಂಗು ನೋಡಲಿಲ್ಲ. ‘ಬೇಡ’ ಎಂದರೆ ‘ಇವತ್ತು ಬೇಡ ಅಂತಾಳೆ, ಮುಂದೆ ಒಪ್ಕೋತಾಳೆ’ ಎಂದು ನಗುತ್ತಿದ್ದರು. ಆ ಮಾತು ಕಲಿಸಿದ್ದು ಈ ಒಂದೇ ಸಿನಿಮಾ ಅಂತ ನಾನು ಹೇಳುವುದಿಲ್ಲ. ಅದಕ್ಕೂ ಮೊದಲು, ಆಮೇಲೆ ಬಂದ ಎಷ್ಟೋ ಚಿತ್ರಗಳಲ್ಲಿ ಇದೇ ಪಾಠ. ಆದರೆ ಅಷ್ಟು ಚೆನ್ನಾಗಿ ಮಾಡಿದ ಚಿತ್ರ ಹೇಳಿದಾಗ ಆ ಮಾತಿಗೆ ತೂಕ ಬರುತ್ತದೆ. ಮಚ್ಚು ಹಿಡಿದವನನ್ನು ಪೊಲೀಸರು ಹಿಡಿಯುತ್ತಾರೆ. ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಯುವವನ ಮೇಲೆ ಯಾರಿಗೆ ದೂರು ಕೊಡುವುದು? ಆ ಕಾಲದಲ್ಲಿ ಕೊಟ್ಟರೆ ಮನೆಯವರು ಕಾಲೇಜು ಬಿಡಿಸುತ್ತಿದ್ದರು, ಅಷ್ಟೇ.

ಸಿನಿಮಾ ತಡೆಯಿರಿ, ಕತ್ತರಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಕೇಳುವವರ ಜೊತೆ ನನ್ನನ್ನು ಸೇರಿಸಬೇಡಿ. ಇದನ್ನು ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಿಸಿದರು. ಹೆಣ್ಣುಮಗಳೊಬ್ಬರ ಹೆಸರಿನಲ್ಲಿ ಬಂದ ಈ ಚಿತ್ರದ ಬಗ್ಗೆ ಪತ್ರಿಕೆಗಳಲ್ಲಿ ಮಾತಾಡುವವರು ಮಾತ್ರ ಬಹುಪಾಲು ಗಂಡಸರು. ನಿರ್ದೇಶಕರ ಜಾಣತನ, ನಾಯಕನ ಗತ್ತು, ರೌಡಿಗಳು ಶೂಟಿಂಗಿಗೆ ಬಂದ ಕಥೆ. ಇವೇ ತಿರುಗಿ ತಿರುಗಿ ಬರುತ್ತವೆ.

ಮುಂದಿನ ಸಲ ‘ಓಂ’ ಮತ್ತೆ ತೆರೆಗೆ ಬಂದಾಗ ನೀವು ವಿಶೇಷ ಪುಟ ಮಾಡೇ ಮಾಡುತ್ತೀರಿ. ಅದರಲ್ಲಿ ಅರ್ಧ ಪುಟವನ್ನಾದರೂ 1995ರಲ್ಲಿ ಕಾಲೇಜಿನಲ್ಲಿದ್ದ ಹೆಣ್ಣುಮಕ್ಕಳಿಗೆ ಬಿಡಿ. ಸಿನಿಮಾ ಇಷ್ಟವಾದವರಿಂದಲೂ ಬರೆಸಿ, ಆಗದವರಿಂದಲೂ ಬರೆಸಿ. ನಮ್ಮಲ್ಲೂ ಒಮ್ಮತ ಇಲ್ಲ. ನನ್ನ ಗೆಳತಿಯೊಬ್ಬಳು ಇವತ್ತಿಗೂ ಸತ್ಯನ ಪರವೇ ವಾದಿಸುತ್ತಾಳೆ, ಅವಳೂ ಬರೆಯಲು ತಯಾರಿದ್ದಾಳೆ.

ಇಂತಿ,
ನಿಮ್ಮ ಓದುಗಿ
ದಾವಣಗೆರೆ