ಸಿಡಿತಲೆ ಲೆಕ್ಕ ಕೊಟ್ರಿ, ಎಣಿಸೋಕೆ ಹೋಗ್ತಿದ್ದೋರನ್ನ ಬಿಟ್ರಿ

ಮಾನ್ಯ ಸಂಪಾದಕರೇ,

ಅಮೆರಿಕ ರಷ್ಯಾ ಅಣ್ವಸ್ತ್ರ ಪೈಪೋಟಿ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದಿದ್ದ ಪುಟ ಪೂರ್ತಿ ಓದ್ದೆ. ಯಾರ ಹತ್ರ ಎಷ್ಟು ಸಿಡಿತಲೆ ಇದೆ ಅಂತ ಬಣ್ಣದ ಚಿತ್ರ ಹಾಕಿದೀರಿ, ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗೀತು, ಒಬ್ಬೊಬ್ಬರು ಸಜ್ಜಾಗಿ ಇಟ್ಕೋಬಹುದಾದ ದೂರಗಾಮಿ ಸಿಡಿತಲೆಗೆ ಇದ್ದ 1550ರ ಮಿತಿ ಹೋಯ್ತು ಅಂತಾನೂ ಬರೆದಿದೀರಿ, ಎಲ್ಲಾ ಸರಿ. ಆದ್ರೆ ಆ ಒಪ್ಪಂದದಲ್ಲಿ ವರ್ಷಕ್ಕೆ 18 ಸಲ ಒಬ್ಬರ ಸೇನಾ ನೆಲೆಗೆ ಇನ್ನೊಬ್ರು ಹೋಗಿ ಕಣ್ಣಾರೆ ನೋಡಿ ಎಣಿಸಿ ಬರೋ ಹಕ್ಕಿತ್ತು. ಅದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಪ್ರಕಾರ ದೊಡ್ಡ ನಷ್ಟ ಅದೇ.

ನೋಡೋಕೆ ಆಗದೇ ಇದ್ದ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪಿಸ್ತೀನಿ. 1957ರಲ್ಲಿ ಸೋವಿಯತ್ತಿನೋರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದಲ್ಲಿ ಒಂದೇ ಗಾಬರಿ, ಅವರ ಹತ್ರ ರಾಶಿ ರಾಶಿ ಖಂಡಾಂತರ ಕ್ಷಿಪಣಿ ಇದೆ, ನಾವು ಹಿಂದೆ ಬಿದ್ವಿ ಅಂತ, 1960ರ ಚುನಾವಣೇಲಿ ಕೆನಡಿ ಕೂಡ ಇದನ್ನೇ ಹೇಳ್ಕೊಂಡು ಓಡಾಡಿದ್ರು. ಆಮೇಲೆ ಅಮೆರಿಕದ ಕರೋನಾ ಅನ್ನೋ ಗೂಢಚಾರ ಉಪಗ್ರಹ ತೆಗೆದ ಫೋಟೊ ಬರೋಕೆ ಶುರುವಾಯ್ತು (ಪ್ಯಾರಾಚೂಟಲ್ಲಿ ಇಳಿಯೋ ಫಿಲ್ಮ್ ಡಬ್ಬೀನ ವಿಮಾನದೋರು ಗಾಳೀಲೇ ಕೊಕ್ಕೆ ಹಾಕಿ ಹಿಡೀತಿದ್ರಂತೆ!), 1961ರಲ್ಲಿ ನೋಡಿದ್ರೆ ಸೋವಿಯತ್ ಹತ್ರ ಇದ್ದದ್ದು ಬೆರಳೆಣಿಕೆಯಷ್ಟು. ಆದ್ರೂ ಅಮೆರಿಕ ಮಿನಿಟ್‌ಮನ್ ಕ್ಷಿಪಣಿ 1000 ಕಟ್ಟೇಬಿಡ್ತು. ಅದನ್ನ ನೋಡಿ ಸೋವಿಯತ್ತಿನೋರೂ ಕಟ್ಟಿದ್ರು. 80ರ ದಶಕದ ಮಧ್ಯಕ್ಕೆ ಪ್ರಪಂಚದಲ್ಲಿ 60 ಸಾವಿರಕ್ಕಿಂತ ಜಾಸ್ತಿ ಸಿಡಿತಲೆ.

ಇನ್ನು 1987ರ ಡಿಸೆಂಬರ್ 8. ರೇಗನ್, ಗೋರ್ಬಚೆವ್ ಮಧ್ಯಮ ದೂರದ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದ್ರು, 2692 ಕ್ಷಿಪಣಿ ನಾಶ ಆಯ್ತು. ನಾನು ಹೇಳಬೇಕು ಅಂತಿರೋದು ರಷ್ಯಾದ ವೋಟ್ಕಿನ್ಸ್ಕ್ ಊರಿನ ಕಥೆ. ಆ ಒಪ್ಪಂದದ ಪ್ರಕಾರ ಅಲ್ಲಿನ ಕ್ಷಿಪಣಿ ಕಾರ್ಖಾನೆ ಗೇಟ್ ಹತ್ರಾನೇ 1988ರಿಂದ ಅಮೆರಿಕದ ತಪಾಸಣಾ ತಂಡ ಮನೆ ಮಾಡ್ಕೊಂಡು ಇತ್ತು, ಮೂವತ್ತು ಜನರ ತನಕ ಇರಬಹುದಿತ್ತು. ನಿಷೇಧ ಆಗಿದ್ದ ಎಸ್‌ಎಸ್-20 ಕ್ಷಿಪಣಿಯ ಕೆಳಭಾಗ, ನಿಷೇಧಕ್ಕೆ ಸೇರದೆ ಇನ್ನೂ ತಯಾರಾಗ್ತಿದ್ದ ಎಸ್‌ಎಸ್-25ರ ಕೆಳಭಾಗ ಹೊರಗಿಂದ ನೋಡಿದ್ರೆ ಒಂದೇ ಥರ, ಹಾಗಾಗಿ ದೊಡ್ಡ ರೈಲ್ವೆ ವ್ಯಾಗನ್ ಹೊರಗೆ ಬಂದ್ರೆ ಅಳತೆ ನೋಡ್ಬೇಕು, ಒಳಗಿರೋದಕ್ಕೆ ಎಕ್ಸ್-ರೇ ಹಿಡೀಬೇಕು. ಆ ಎಕ್ಸ್-ರೇ ಮೆಷಿನ್ ಮೇಲೆ 1990ರಲ್ಲಿ ದೊಡ್ಡ ಜಗಳಾನೇ ಆಯ್ತು, ಆದ್ರೂ ತಂಡ ವಾಪಸ್ ಹೋಗಲಿಲ್ಲ. ಹಾಗೇ ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದಲ್ಲಿ ಸೋವಿಯತ್ ತಂಡ ಕೂತಿತ್ತು. ಹದಿಮೂರು ವರ್ಷ ಸ್ವಾಮಿ! ನಡುವೆ ಒಂದು ದೇಶಾನೇ ಒಡೆದು ಹೋಯ್ತು, ಗೇಟ್ ಕಾಯೋದು ನಿಲ್ಲಲಿಲ್ಲ.

ಈಗ ಉಪಗ್ರಹ ಇದೆಯಲ್ಲ, ಎಲ್ಲಾ ಕಾಣುತ್ತೆ ಅಂತ ನನ್ನ ಸ್ನೇಹಿತರೊಬ್ಬರು ವಾದ ಮಾಡ್ತಾರೆ. ಕ್ಷಿಪಣಿ ಕಾಣಬಹುದು ಸರ್, ಅದರ ಮೂತಿಯೊಳಗೆ ಸಿಡಿತಲೆ ಒಂದಿದೆಯೋ ಮೂರಿದೆಯೋ ಮೇಲಿಂದ ಹೇಗೆ ಕಾಣುತ್ತೆ? ನ್ಯೂ ಸ್ಟಾರ್ಟ್ ತಪಾಸಣೇಲಿ ಮೇಲಿನ ಕವಚ ತೆಗೆದು, ಒಳಗಿರೋದಕ್ಕೆ ಮುಸುಕು ಹಾಕಿ ತೋರಿಸ್ತಿದ್ರು, ಗುಟ್ಟು ಉಳೀತಿತ್ತು ಲೆಕ್ಕಾನೂ ಸಿಗ್ತಿತ್ತು. 2020ರ ಮಾರ್ಚಲ್ಲಿ ಕೋವಿಡ್ ಅಂತ ನಿಂತ ಆ ತಪಾಸಣೆ ಮತ್ತೆ ಶುರುವಾಗಲೇ ಇಲ್ಲ, 2023ರಲ್ಲಿ ರಷ್ಯಾ ಒಪ್ಪಂದಾನೇ ಅಮಾನತು ಮಾಡ್ತು. ಮಧ್ಯಮ ದೂರದ ಕ್ಷಿಪಣಿ ಒಪ್ಪಂದ 2019ರಲ್ಲೇ ಮುಗಿದಿತ್ತು.

ನಾವೂ ಪಾಕಿಸ್ತಾನಾನೂ 1992ರಿಂದ ಪ್ರತಿ ಜನವರಿ 1ಕ್ಕೆ ಅಣು ಸ್ಥಾವರಗಳ ಪಟ್ಟಿ ಕೊಟ್ಟು ತಗೋತೀವಿ, ಕಾರ್ಗಿಲ್ ಆದ್ಮೇಲೂ ಅದು ನಿಲ್ಲಲಿಲ್ಲ. ನಿಮ್ಮಲ್ಲಿ ಆ ಸುದ್ದಿ ಒಳಪುಟದ ಮೂಲೇಲಿ ಎರಡು ಸಾಲು ಬರುತ್ತೆ. ದಯವಿಟ್ಟು ಮುಂದಿನ ಸಲ ಅದನ್ನ ಸ್ವಲ್ಪ ದೊಡ್ಡದಾಗಿ ಹಾಕಿ, ವೋಟ್ಕಿನ್ಸ್ಕ್ ಬಗ್ಗೆನೂ ಒಂದು ಲೇಖನ ಬರೆಸಿ.

ಇಂತಿ,
ನಿಮ್ಮ ಹಳೇ ಓದುಗ,
ಶಿವಮೊಗ್ಗ